ಎರಡು ಮೂತಿಯ ಕಲ್ಲುತೊಟ್ಟಿ

ಸ್ವಿಟ್ಜರ್ಲೆಂಡಿನ ಪೂರ್ವದ ತುದಿಯಲ್ಲಿ, ಆಸ್ಟ್ರಿಯಾದ ಗಡಿಗೆ ಹತ್ತಿರ, ಶ್ಕುವೋಲ್ ಎಂಬ ಊರಿದೆ. ಆ ಊರಿನ ಕೆಳಗಿನ ಕೇರಿಗಳಲ್ಲಿ ಹಳೆಯ ನೀರುತೊಟ್ಟಿಗಳಿವೆ. ತೊಟ್ಟಿಯ ಬದಿಗೆ ಒಂದು ಕಂಬ, ಕಂಬದಿಂದ ಚಾಚಿದ ಲೋಹದ ಮೂತಿ, ಅದರಿಂದ ಸದಾ ಬೀಳುವ ನೀರು. ಆಲ್ಪ್ಸ್ ಪರ್ವತದ ಹಳ್ಳಿಹಳ್ಳಿಯಲ್ಲೂ ಇಂಥವು ಸಿಗುತ್ತವೆ. ಶ್ಕುವೋಲಿನ ವಿಶೇಷವೆಂದರೆ ಕೆಲವು ತೊಟ್ಟಿಗಳಿಗೆ ಎರಡು ಬಗೆಯ ನೀರು. ಒಂದು ಮೂತಿಯಲ್ಲಿ ಬೆಟ್ಟದ ಸಿಹಿನೀರು ಬರುತ್ತದೆ. ಇನ್ನೊಂದರಲ್ಲಿ ಸಣ್ಣಗೆ ಗುಳ್ಳೆಯೇಳುವ, ನಾಲಗೆಗೆ ಕಬ್ಬಿಣ ತಾಗುವ ಖನಿಜದ ನೀರು. ಹಗಲು ರಾತ್ರಿ ಎರಡೂ ಹರಿಯುತ್ತವೆ. ಯಾರು ಬೇಕಾದರೂ ಬೊಗಸೆಯೊಡ್ಡಿ ಕುಡಿಯಬಹುದು.

ಈ ತೊಟ್ಟಿಗಳ ಫೋಟೋ ತೆಗೆಯುವುದು ಹೇಗೆ ಎಂಬುದೇ ಇವತ್ತಿನ ನನ್ನ ಮಾತು. ಬಾನುಲಿಯಲ್ಲಿ ಚಿತ್ರ ತೋರಿಸಲು ಬರುವುದಿಲ್ಲ, ಮಾತಿನಲ್ಲೇ ಕಟ್ಟಿಕೊಡಬೇಕು. ಆದರೆ ಕಲ್ಲುತೊಟ್ಟಿಯ ವಿಷಯದಲ್ಲಿ ಅದರಿಂದ ನಷ್ಟವಿಲ್ಲ. ಅದರ ಕೆಲಸವೇನೆಂದು ಮೊದಲು ಮಾತಿನಲ್ಲಿ ತಿಳಿದುಕೊಂಡವನಿಗೆ ಮಾತ್ರ ಅದರ ಚಿತ್ರ ಚೆನ್ನಾಗಿ ಬರುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಊರಿರುವ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಇನ್ ಎಂಬ ನದಿ ಹರಿಯುವ ಕಣಿವೆಗೆ ಎಂಗಡೀನ್ ಎಂದು ಹೆಸರು. ಈ ಇನ್ ಮುಂದೆ ಡ್ಯಾನ್ಯೂಬ್ ನದಿಯನ್ನು ಸೇರಿ ಕಪ್ಪು ಸಮುದ್ರದವರೆಗೆ ಹೋಗುತ್ತದೆ. ಕಣಿವೆಯ ಕೆಳಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 1250 ಮೀಟರ್ ಎತ್ತರದಲ್ಲಿ, ದಕ್ಷಿಣದ ಬಿಸಿಲಿಗೆ ಮುಖಮಾಡಿದ ಇಳಿಜಾರಿನಲ್ಲಿ ಶ್ಕುವೋಲ್ ಕೂತಿದೆ. ಜನ ಆಡುವ ಮಾತು ರೊಮಾಂಶ್. ಲ್ಯಾಟಿನ್ನಿನಿಂದ ಕವಲೊಡೆದ ಸಣ್ಣ ಭಾಷೆ ಅದು. 1938ರಲ್ಲಿ ದೇಶದ ಮತದಾರರು ಮತ ಹಾಕಿ ಅದನ್ನು ಸ್ವಿಟ್ಜರ್ಲೆಂಡಿನ ನಾಲ್ಕನೆಯ ರಾಷ್ಟ್ರಭಾಷೆ ಎಂದು ಒಪ್ಪಿಕೊಂಡರು. 1913ರಲ್ಲಿ ಇಲ್ಲಿಗೆ ರೈಲು ಬಂತು. 1999ರಲ್ಲಿ ಬೆಟ್ಟ ಕೊರೆದು 19 ಕಿಲೋಮೀಟರಿನ ವೆರೈನಾ ಸುರಂಗ ತೆರೆದ ಮೇಲೆ, ಚಳಿಗಾಲದಲ್ಲೂ ಸುಲಭವಾಗಿ ತಲುಪುವ ಊರಾಯಿತು. ಹೆದ್ದಾರಿ, ಅಂಗಡಿ, ಹೋಟೆಲುಗಳೆಲ್ಲ ಮೇಲೂರಿನಲ್ಲಿವೆ. ಹಳೆಯ ಮನೆಗಳೂ ತೊಟ್ಟಿಗಳೂ ಉಳಿದಿರುವುದು ನದಿಯ ಕಡೆಗಿರುವ ಕೆಳಗಿನ ಊರಿನಲ್ಲಿ. ಅದನ್ನು ಅಲ್ಲಿಯವರು ಶ್ಕುವೋಲ್ ಸೋತ್ ಎನ್ನುತ್ತಾರೆ. ಅಲ್ಲಿಯ ಒಂದು ಚೌಕದ ಹೆಸರೇ ಬ್ಯೂಲ್ ಗ್ರೋಂದ್, ಅಂದರೆ ದೊಡ್ಡ ತೊಟ್ಟಿ.

ಸುತ್ತ ಹಿಮದ ಬೆಟ್ಟಗಳಿರುವ ಕಡೆ ನೀರಿಗೇನು ಬರ ಎಂದು ನಿಮಗೆ ಅನಿಸಬಹುದು. ಆದರೆ ಇದು ಮಳೆಯ ಮರೆಯ ಕಣಿವೆ. ಎರಡೂ ಕಡೆಯ ಎತ್ತರದ ಸಾಲುಗಳು ಮೋಡವನ್ನು ಆಚೆಗೇ ತಡೆಯುತ್ತವೆ. ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್. ನದಿ ಆಳದ ಕೊರಕಲಿನಲ್ಲಿ ಹರಿಯುತ್ತದೆ, ಅಲ್ಲಿಂದ ನೀರು ಹೊತ್ತು ಮೇಲಕ್ಕೆ ತರುವುದು ದನಗಳನ್ನು ಕಟ್ಟಿಕೊಂಡ ಸಂಸಾರಕ್ಕೆ ಆಗದ ಮಾತು. ಹೀಗಾಗಿ ಊರಿಗಿಂತ ಮೇಲಿನ ಒರತೆಯನ್ನು ಹುಡುಕಿ, ನೀರನ್ನು ತಾನಾಗಿ ಇಳಿದು ಬರುವಂತೆ ಮಾಡಿದರು. ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್ಡದ ಅಬ್ಬಿಯ ನೀರನ್ನು ಅಡಿಕೆ ದಬ್ಬೆಯಲ್ಲಿ ಮನೆಯ ಹಿತ್ತಿಲಿಗೆ ಇಳಿಸಿಕೊಂಡ ಹಾಗೆಯೇ ಅದು. ಅಲ್ಲಿ ಅಡಿಕೆ ಮರವಿಲ್ಲ, ಲಾರ್ಚ್ ಎಂಬ ಸೂಚಿಪರ್ಣಿಯ ಮರವಿದೆ. ಉದ್ದನೆಯ ಬೈರಿಗೆಯಿಂದ ದಿಮ್ಮಿಯ ನಡುವೆ ಉದ್ದಕ್ಕೂ ತೂತು ಕೊರೆದು, ಒಂದರ ಬಾಯಿಗೆ ಇನ್ನೊಂದನ್ನು ಸೇರಿಸಿ, ನೆಲದಲ್ಲಿ ಹೂತು ನೀರು ತಂದರು. ಕಬ್ಬಿಣದ ಕೊಳವೆ ಬಂದದ್ದು ಬಹಳ ತಡವಾಗಿ. ಮೊದಲ ತೊಟ್ಟಿಗಳನ್ನೂ ಲಾರ್ಚ್ ದಿಮ್ಮಿಯನ್ನೇ ಕೆತ್ತಿ ಮಾಡುತ್ತಿದ್ದರು. ಆಮೇಲೆ ಕಲ್ಲು, ತೀರ ಈಚೆಗೆ ಸಿಮೆಂಟು. ಎಂಗಡೀನಿನ ಊರುಗಳಲ್ಲಿ ಈ ಮೂರು ಬಗೆಯನ್ನೂ ಕಾಣಬಹುದು. ಎಲ್ಲವನ್ನೂ ಪುರಾತನ ಕಲ್ಲೆಂದು ಭಾವಿಸದೆ ಬೆರಳಿನಿಂದ ಅಂಚನ್ನು ಮುಟ್ಟಿ ನೋಡಬೇಕು.

ಖನಿಜದ ನೀರಿನ ಕತೆ ನೆಲದೊಳಗಿನದು. ಆಲ್ಪ್ಸ್ ಎದ್ದಾಗ ಒಂದರ ಮೇಲೊಂದು ಬಂಡೆಯ ಹಾಸುಗಳು ಸರಿದು ಕೂತವು. ಎಂಗಡೀನಿನ ಈ ಭಾಗದಲ್ಲಿ ಮಾತ್ರ ಮೇಲಿನ ಗಟ್ಟಿ ಹಾಸು ಸವೆದುಹೋಗಿ, ಅಡಿಯಲ್ಲಿದ್ದ ಮೆದುವಾದ ಪದರಗಲ್ಲು ಹೊರಗೆ ಕಾಣುತ್ತದೆ. ಭೂವಿಜ್ಞಾನಿಗಳು ಇದನ್ನು ಎಂಗಡೀನ್ ಕಿಟಕಿ ಎನ್ನುತ್ತಾರೆ. ಆ ಪದರಗಳ ಬಿರುಕುಗಳಲ್ಲಿ ಆಳದಿಂದ ಇಂಗಾಲದ ಡೈಆಕ್ಸೈಡ್ ಅನಿಲ ಮೇಲೇರುತ್ತದೆ. ಅನಿಲ ಬೆರೆತ ನೀರು ಹುಳಿಯಾಗುತ್ತದೆ, ಹುಳಿಯಾದ ನೀರು ಕಲ್ಲಿನಿಂದ ಸುಣ್ಣವನ್ನೂ ಕಬ್ಬಿಣವನ್ನೂ ಕರಗಿಸಿಕೊಂಡು ಹೊರಬರುತ್ತದೆ. ಶ್ಕುವೋಲ್ ಮತ್ತು ನೆರೆಯ ತರಾಸ್ಪ್ ಸುತ್ತ ಇಂಥ 20ಕ್ಕೂ ಹೆಚ್ಚು ಒರತೆಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಸಿರಿವಂತರು ಈ ನೀರು ಕುಡಿಯಲೆಂದೇ ಬರುತ್ತಿದ್ದರು. 1864ರಲ್ಲಿ ಅವರಿಗಾಗಿ ದೊಡ್ಡ ಆರೋಗ್ಯಧಾಮ ತೆರೆಯಿತು. 1876ರಲ್ಲಿ ನದಿಯ ದಂಡೆಗೆ ನೀರು ಕುಡಿಯುವ ಸೊಗಸಾದ ಸಭಾಂಗಣವೊಂದನ್ನು ಕಟ್ಟಿದರು. ಬಂಡೆ ಉರುಳುವ ಅಪಾಯದಿಂದ ಆ ಸಭಾಂಗಣವನ್ನು ಮುಚ್ಚಬೇಕಾಗಿ ಬಂತು. ಕೇರಿಯ ತೊಟ್ಟಿಗಳಲ್ಲಿ ಮಾತ್ರ ಅದೇ ನೆಲದೊಳಗಿನ ನೀರು ಎಂದಿನಂತೆ ಬೀಳುತ್ತಿದೆ. ಹಳ್ಳಿಯ ತೊಟ್ಟಿಯನ್ನು ನಾನು ಅರಮನೆಯಂಥ ಆ ಕಟ್ಟಡಕ್ಕಿಂತ ಮೇಲೆಂದು ಎಣಿಸಲು ಇದೇ ಕಾರಣ.

ತೊಟ್ಟಿಯಲ್ಲೂ ಒಂದು ಕ್ರಮವಿದೆ. ಆಲ್ಪ್ಸ್‌ನ ಹಳ್ಳಿಗಳಲ್ಲಿ ದೊಡ್ಡ ತೊಟ್ಟಿಯನ್ನು ಎರಡು ಮೂರು ಅಂಕಣವಾಗಿ ಕಟ್ಟುವುದು ರೂಢಿಯಾಗಿತ್ತು. ಮೂತಿಯಿಂದ ನೇರವಾಗಿ ಹಿಡಿದ ನೀರು ಮನೆಯ ಅಡುಗೆಗೆ, ಕುಡಿಯುವುದಕ್ಕೆ. ಮೊದಲ ಅಂಕಣದಲ್ಲಿ ನಿಂತದ್ದು ದನಗಳಿಗೆ. ಅಲ್ಲಿಂದ ತುಂಬಿ ಹರಿದದ್ದು ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು. ಕೊನೆಗೆ ಹೊರಬಿದ್ದದ್ದು ಕಲ್ಲುಹಾಸಿನ ಕಾಲುವೆಯಲ್ಲಿ ಕೆಳಗಿನ ತೋಟಕ್ಕೆ. ಒಂದೇ ನೀರು ಹೀಗೆ ಮೇಲಿಂದ ಕೆಳಕ್ಕೆ ಕೆಲಸ ಬದಲಿಸುತ್ತ ಹೋಗುತ್ತಿತ್ತು. ಮೇಲಿನ ಅಂಕಣದಲ್ಲಿ ಮೈಲಿಗೆ ಬಟ್ಟೆ ಅದ್ದಿದರೆ ಕೇರಿಯವರೆಲ್ಲ ಅವರ ಮೇಲೆ ಬೀಳುತ್ತಿದ್ದರು. ತೊಟ್ಟಿ ತೊಳೆಯುವುದು, ಕೊಳವೆ ದುರಸ್ತಿ, ಚಳಿಗಾಲದಲ್ಲಿ ಮಂಜುಗಡ್ಡೆ ಒಡೆಯುವುದು, ಇವೆಲ್ಲ ಆ ತೊಟ್ಟಿಯನ್ನು ಬಳಸುವ ಮನೆಗಳ ಪಾಳಿಯಾಗಿತ್ತು. ಎಂಗಡೀನಿನ ಮನೆಗಳು ತೊಟ್ಟಿಯ ಚೌಕದ ಸುತ್ತ ಗುಂಪುಗೂಡಿ ನಿಂತಿವೆ. ದಪ್ಪ ಗೋಡೆಯಲ್ಲಿ ಒಳಗೆ ಸಣ್ಣದಾಗಿ ಹೊರಗೆ ಅಗಲವಾಗುತ್ತ ಬರುವ ಕಿಟಕಿಗಳು, ಬೀದಿಯ ಮೇಲೆ ಚಾಚಿಕೊಂಡ ಮೂಲೆಯ ಕಿಟಕಿಮನೆಗಳು. ಅಲ್ಲಿ ಕೂತರೆ ತೊಟ್ಟಿಗೆ ಯಾರು ಬಂದರು, ಯಾರ ದನ ನೀರು ಕುಡಿಯಿತು ಎಂಬುದೆಲ್ಲ ಕಾಣುತ್ತಿತ್ತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಕ್ಯಾಮೆರಾ ಹೊರಗೆ ತೆಗೆಯೋಣ.

ಪ್ರವಾಸಿಗರು ತೆಗೆಯುವ ಸಾಮಾನ್ಯ ಚಿತ್ರ ನಿಮಗೆ ಗೊತ್ತಿರಬಹುದು. ತೊಟ್ಟಿಯ ಕಂಬಕ್ಕೆ ಕೆಂಪು ಜೆರೇನಿಯಂ ಹೂಕುಂಡ, ಹಿಂದೆ ಬಿಳಿ ಗೋಡೆ, ಮೇಲೆ ನೀಲಿ ಆಕಾಶ. ಬೇಸಿಗೆಯಲ್ಲಿ ಊರಿನವರು ಅಕ್ಕರೆಯಿಂದ ಇಡುವ ಹೂವು ಅದು, ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಹೂವು ಇದ್ದಲ್ಲಿಗೇ ಕಣ್ಣು ಹೋಗಿ ಕಲ್ಲು ಹಿಂದೆ ಸರಿಯುತ್ತದೆ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಚಿತ್ರದಲ್ಲಿ ಇರುವುದೇ ಇಲ್ಲ. ತೊಟ್ಟಿಯ ಒಳ್ಳೆಯ ಚಿತ್ರದಲ್ಲಿ ನೀರು ಬೀಳುವ ಜಾಗ ಮತ್ತು ನೀರು ಹೊರಹೋಗುವ ಜಾಗ ಎರಡೂ ಇರಬೇಕು. ಇದೊಂದನ್ನು ಪಾಲಿಸಿದರೆ ನಿಲ್ಲಬೇಕಾದ ಜಾಗ ತಾನಾಗಿ ಗೊತ್ತಾಗುತ್ತದೆ. ಮೂತಿಯ ಎದುರಿಗಲ್ಲ, ತೊಟ್ಟಿಯ ಕೆಳತುದಿಗೆ ಹೋಗಿ, ಮಂಡಿಯೂರಿ, ಅಂಚಿನ ಮಟ್ಟಕ್ಕೆ ಕ್ಯಾಮೆರಾ ಹಿಡಿದು ಮೇಲ್ಮುಖವಾಗಿ ನೋಡಬೇಕು. ಆಗ ಹೊರದಾರಿಯ ತೋಡು ಮುಂದೆ, ನೀರಿನ ಹಾಸು ನಡುವೆ, ಮೂತಿ ಕೊನೆಯಲ್ಲಿ, ಅದರ ಬೆನ್ನಿಗೆ ಮನೆಗಳು. ತೀರ ಅಗಲದ ಲೆನ್ಸ್ ಬೇಡ, ಅದು ಹತ್ತಿರದ ಅಂಚನ್ನು ಎಳೆದು ಹಿಗ್ಗಿಸಿ ತೊಟ್ಟಿಯನ್ನು ದೋಣಿಯಂತೆ ಮಾಡಿಬಿಡುತ್ತದೆ. ಕಣ್ಣಿನ ನೋಟಕ್ಕೆ ಹತ್ತಿರವಾದ 35 ಅಥವಾ 50 ಮಿಲಿಮೀಟರಿನ ಲೆನ್ಸ್ ಸಾಕು.

ಬೆಳಕಿನ ಮಾತು ಅದಕ್ಕಿಂತ ಮುಖ್ಯ. ಕಲ್ಲಿನ ಅಂಚನ್ನು ಗಮನಿಸಿದರೆ ಮೂತಿಯ ಹತ್ತಿರ ಸ್ವಲ್ಪ ತಗ್ಗಾಗಿರುತ್ತದೆ. ಕೊಡಪಾನ ಇಟ್ಟು ಎತ್ತಿ, ಕೈಯೂರಿ ಬಗ್ಗಿ, ದನದ ಕೊರಳು ಉಜ್ಜಿ ತಲೆಮಾರುಗಳಲ್ಲಿ ಆದ ಸವೆತ ಅದು. ಉಳಿದ ಮೈಮೇಲೆ ಉಳಿಯ ಗೆರೆಗಳು, ಕೆಲವು ಕಡೆ ಕೆತ್ತಿದ ಇಸವಿ, ಯಾವುದೋ ಮನೆತನದ ಅಕ್ಷರಗಳು. ನಡು ಹಗಲಿನ ಬಿಸಿಲಿನಲ್ಲಿ ಇವೊಂದೂ ಕಾಣುವುದಿಲ್ಲ. ಸೂರ್ಯ ಬದಿಯಿಂದ, ಕಲ್ಲಿನ ಮೈಯನ್ನು ಸವರಿಕೊಂಡು ಬರುವ ಹೊತ್ತಿಗೆ ಪ್ರತಿ ಗೆರೆಗೂ ಒಂದು ಸಣ್ಣ ನೆರಳು ಹುಟ್ಟಿ ಓದಲು ಬರುತ್ತದೆ. ಇಕ್ಕಟ್ಟಿನ ಕೇರಿಯಲ್ಲಿ ಅಂಥ ಬೆಳಕು ಸ್ವಲ್ಪ ಹೊತ್ತೇ ಇರುತ್ತದೆ, ಒಂದೊಂದು ತೊಟ್ಟಿಗೆ ಒಂದೊಂದು ಹೊತ್ತು. ಹಿಂದಿನ ದಿನ ಕ್ಯಾಮೆರಾ ಇಲ್ಲದೆ ಕೇರಿ ಸುತ್ತಿ, ಯಾವ ಚೌಕಕ್ಕೆ ಯಾವಾಗ ಬಿಸಿಲು ಬರುತ್ತದೆಂದು ನೋಡಿಕೊಳ್ಳುವುದು ಒಳ್ಳೆಯದು. ಮೋಡದ ದಿನವೂ ವ್ಯರ್ಥವಲ್ಲ. ಕೆತ್ತನೆ ಮರೆಯಾದರೂ ಒದ್ದೆ ಕಲ್ಲಿನ ಬಣ್ಣ ಅವತ್ತೇ ಚೆನ್ನಾಗಿ ಬರುತ್ತದೆ.

ಬಣ್ಣವೆಂದಾಗ ಮತ್ತೆ ಎರಡು ಮೂತಿಗಳಿಗೆ ಬರಬೇಕು. ಖನಿಜದ ನೀರಿನಲ್ಲಿ ಕರಗಿದ ಕಬ್ಬಿಣ ನೆಲದೊಳಗೆ ಇರುವವರೆಗೆ ಕಣ್ಣಿಗೆ ಬೀಳುವುದಿಲ್ಲ. ಹೊರಗೆ ಬಂದು ಗಾಳಿಯ ಆಮ್ಲಜನಕ ತಾಗಿದೊಡನೆ ತುಕ್ಕಾಗಿ ಕಲ್ಲಿಗೆ ಕೂರುತ್ತದೆ. ಹಾಗಾಗಿ ಆ ಮೂತಿಯ ಕೆಳಗೆ ಕಾವಿಯ ಬಣ್ಣದ ಕಲೆ ಹಬ್ಬಿರುತ್ತದೆ, ಸಿಹಿನೀರು ಬೀಳುವ ಕಡೆ ಹಸಿರು ಪಾಚಿ. ಯಾವ ಮೂತಿ ಯಾವುದೆಂದು ಕುಡಿಯದೆಯೇ ಹೇಳಬಹುದು. ನನ್ನ ದೃಷ್ಟಿಯಲ್ಲಿ ಶ್ಕುವೋಲಿನ ತೊಟ್ಟಿಗಳ ನಿಜವಾದ ಅಲಂಕಾರ ಈ ಕಲೆಯೇ. ನೆರಳಿನಲ್ಲಿ ಕ್ಯಾಮೆರಾ ತಾನಾಗಿ ಬಣ್ಣ ಹೊಂದಿಸಲು ಹೊರಟರೆ ಕಾವಿ ಮಂಕಾಗಿ ಕಂದಾಗುತ್ತದೆ, ಕಲ್ಲು ನೀಲಿಗೆ ತಿರುಗುತ್ತದೆ. ನೆರಳಿನ ಹೊಂದಿಕೆಯನ್ನು ನಾವೇ ಆರಿಸಿಕೊಂಡರೆ ಕಣ್ಣಿಗೆ ಕಂಡದ್ದೇ ಬರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಆ ಕಲೆಯನ್ನು ಒರೆಸಿ ಕಲ್ಲನ್ನು ಬೆಳ್ಳಗೆ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೆಲದ ಗುಣವನ್ನೇ ಅಳಿಸಿದ ಹಾಗೆ.

ಬೀಳುವ ನೀರನ್ನು ಹೇಗೆ ಹಿಡಿಯುವುದು ಎಂಬ ಬಗ್ಗೆ ಛಾಯಾಗ್ರಾಹಕರಲ್ಲಿ ಎರಡು ಪಂಗಡ. ಶಟರ್ ಅನ್ನು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಮಾತ್ರ ತೆರೆದರೆ ನೀರು ಹನಿಹನಿಯಾಗಿ ಗಾಜಿನ ಮಣಿಯಂತೆ ನಿಲ್ಲುತ್ತದೆ. ಒಂದೆರಡು ಸೆಕೆಂಡು ತೆರೆದಿಟ್ಟರೆ ಬಿಳಿಯ ರೇಷ್ಮೆಯಂತಾಗುತ್ತದೆ. ಎರಡೂ ನೋಡಲು ಚೆಂದ. ಎರಡರಲ್ಲೂ ನೀರು ಮನುಷ್ಯನ ಕಣ್ಣಿಗೆ ಕಾಣುವ ಹಾಗಿರುವುದಿಲ್ಲ. ನನಗೆ ಒಪ್ಪುವುದು ಸೆಕೆಂಡಿನ 30ರಲ್ಲಿ ಒಂದು ಭಾಗದಿಂದ 60ರಲ್ಲಿ ಒಂದು ಭಾಗದವರೆಗಿನ ನಡುದಾರಿ. ಧಾರೆ ಹುರಿಗಟ್ಟಿದ ಹಗ್ಗದಂತೆ ಬರುತ್ತದೆ, ಬಿದ್ದ ಜಾಗದ ಕಲಕು ಕಾಣುತ್ತದೆ, ಎಷ್ಟು ರಭಸದಲ್ಲಿ ಬೀಳುತ್ತಿದೆ ಎಂಬ ಅಂದಾಜು ನೋಡುವವನಿಗೆ ಸಿಗುತ್ತದೆ. ಒರತೆ ಜೋರಾಗಿದೆಯೋ ಸೊರಗಿದೆಯೋ ಎಂಬುದೇ ತೊಟ್ಟಿಯ ಆರೋಗ್ಯ. ಆ ಸುದ್ದಿ ಚಿತ್ರದಲ್ಲಿ ಉಳಿಯಬೇಕು.

ನೀರಿನ ಮೇಲಿನ ಹೊಳಪನ್ನು ತೆಗೆಯಲು ಪೋಲರೈಸಿಂಗ್ ಫಿಲ್ಟರ್ ಬಳಸುತ್ತಾರೆ. ಅದನ್ನು ಪೂರ್ತಿ ತಿರುಗಿಸಿದರೆ ತೊಟ್ಟಿಯ ತಳದ ಕಲ್ಲು, ಯಾರೋ ತಣ್ಣಗಾಗಲೆಂದು ಮುಳುಗಿಸಿಟ್ಟ ಬಾಟಲಿ ಎಲ್ಲ ಸ್ಪಷ್ಟ. ಆದರೆ ನೀರಿನಲ್ಲಿ ಮೂಡಿದ ಮನೆಯ ಪ್ರತಿಬಿಂಬ ಮಾಯ. ಎಂಗಡೀನಿನಲ್ಲಿ ಆ ಪ್ರತಿಬಿಂಬಕ್ಕೆ ಬೆಲೆಯಿದೆ. ಗೋಡೆಗೆ ಬಣ್ಣಬೇರೆಯಾದ ಎರಡು ಪದರ ಗಾರೆ ಹಚ್ಚಿ, ಮೇಲಿನದು ಹಸಿಯಿರುವಾಗಲೇ ಕೆರೆದು, ಅಡಿಯ ಬಣ್ಣದಲ್ಲಿ ಹೂಬಳ್ಳಿ, ಮೀನು, ಸೂರ್ಯಚಕ್ರಗಳನ್ನು ಬಿಡಿಸುವ ಕಲೆ ಅಲ್ಲಿಯದು. ಸ್ಗ್ರಾಫಿತೋ ಎಂದು ಹೆಸರು. 1622ರಲ್ಲಿ ಆಸ್ಟ್ರಿಯಾದ ಪಡೆಗಳು ಈ ಕಣಿವೆಯ ಹಳ್ಳಿಗಳನ್ನು ಸುಟ್ಟವು. ಈಗ ನಾವು ನೋಡುವ ಹಳೆಯ ಮನೆಗಳಲ್ಲಿ ಬಹಳಷ್ಟು ಆ ಬೂದಿಯ ಮೇಲೆ ಮತ್ತೆ ಎದ್ದವು. ಹತ್ತಿರದ ಗುವಾರ್ದಾ ಎಂಬ ಹಳ್ಳಿ ಇಂಥ ಮನೆಗಳನ್ನು ಕಾಪಾಡಿಕೊಂಡದ್ದಕ್ಕೆ 1975ರಲ್ಲಿ ಸ್ವಿಟ್ಜರ್ಲೆಂಡಿನ ವಾಕರ್ ಪ್ರಶಸ್ತಿ ಪಡೆಯಿತು. ತೊಟ್ಟಿಯ ನಿಂತ ನೀರಿನಲ್ಲಿ ಆ ಗೋಡೆಯ ಚಿತ್ತಾರ ತಲೆಕೆಳಗಾಗಿ ತೂಗುತ್ತಿರುವಾಗ ಫಿಲ್ಟರನ್ನು ಅರ್ಧ ಮಾತ್ರ ತಿರುಗಿಸಿ. ತಳವೂ ಅರೆಬರೆ ಕಾಣುತ್ತದೆ, ಮನೆಯೂ ಉಳಿಯುತ್ತದೆ.

ಹಳೆಯ ತೊಟ್ಟಿಯ ಚಿತ್ರದಲ್ಲಿ ಜನ ಇರಬಾರದು ಎಂದು ಹಲವರು ಕಾಯುತ್ತಾರೆ. ಯಾರಾದರೂ ಅಡ್ಡ ಬಂದರೆ ಕ್ಯಾಮೆರಾ ಕೆಳಗಿಳಿಸುತ್ತಾರೆ. ನಾನು ಇದಕ್ಕೆ ಪೂರಾ ವಿರೋಧಿ. ಒಂದು ಮುಂಜಾನೆ ಕೆಳಗಿನ ಕೇರಿಯಲ್ಲಿ ನಿಂತಿದ್ದಾಗ ವಯಸ್ಸಾದ ಹೆಂಗಸೊಬ್ಬರು ಬುಟ್ಟಿಯಲ್ಲಿ ಖಾಲಿ ಬಾಟಲಿಗಳನ್ನು ತಂದು ಖನಿಜದ ಮೂತಿಯ ಕೆಳಗೆ ಒಂದೊಂದಾಗಿ ಹಿಡಿಯತೊಡಗಿದರು. "ಅಲೆಗ್ರಾ" ಎಂದರು. ಆ ಕಣಿವೆಯ ನಮಸ್ಕಾರ ಅದು. ನಾನೂ ಅಲೆಗ್ರಾ ಎಂದು ಕ್ಯಾಮೆರಾ ತೋರಿಸಿ, ತೆಗೆಯಬಹುದೇ ಅಮ್ಮಾ ಎಂದು ಸನ್ನೆಯಲ್ಲೂ ಹರುಕು ಜರ್ಮನ್ನಿನಲ್ಲೂ ಕೇಳಿದೆ. ಅವರು ತಮ್ಮ ಮುಖದ ಮುಂದೆ ಕೈಯಾಡಿಸಿ ಬೇಡವೆಂದರು. ಆಮೇಲೆ ಬಾಟಲಿ ಹಿಡಿದ ಕೈಯನ್ನೇ ಮುಂದೆ ಮಾಡಿ ಇದನ್ನು ತೆಗೆ ಎಂದರು. ತುಕ್ಕಿನ ಕಲೆ, ಗುಳ್ಳೆಯ ನೀರು, ಅದರ ಕೆಳಗೆ ಸುಕ್ಕುಗಟ್ಟಿದ ಆ ಕೈ. ಕೈ ಬಂದಮೇಲೆ ತೊಟ್ಟಿ ಎಷ್ಟು ದೊಡ್ಡದು, ಮೂತಿ ಎಷ್ಟು ಎತ್ತರ, ಯಾರಿಗಾಗಿ ಇದೆ ಎಂಬುದೆಲ್ಲ ಒಂದೇ ನೋಟಕ್ಕೆ ಗೊತ್ತಾಯಿತು. ಕಟ್ಟಡದ ಚಿತ್ರ ಕೆಲಸದ ಚಿತ್ರವಾಯಿತು. ಮುಖ ಬೇಡವೆಂದವರ ಮುಖ ತೆಗೆಯದೆ ಇರುವುದು ಮರ್ಯಾದೆಯೂ ಹೌದು, ಅದರಿಂದ ಚಿತ್ರಕ್ಕೂ ಒಳಿತೇ.

ಜನ ತಾವಾಗಿ ತೊಟ್ಟಿಯ ಸುತ್ತ ಸೇರುವ ಒಂದು ಹಬ್ಬವೂ ಇದೆ. ಮಾರ್ಚ್ 1ರಂದು ಎಂಗಡೀನಿನಲ್ಲಿ ಚಲಾಂದಮಾರ್ಸ್. ಚಳಿಗಾಲವನ್ನು ಓಡಿಸಲು ಮಕ್ಕಳು ದನದ ಕೊರಳಿನ ಗಂಟೆಗಳನ್ನು ಹೊತ್ತು, ಬಾರಿಸುತ್ತ, ಹಾಡುತ್ತ ಊರು ತಿರುಗುತ್ತಾರೆ, ಕೇರಿಯ ತೊಟ್ಟಿಗಳನ್ನು ಸುತ್ತುತ್ತಾರೆ. 1945ರಲ್ಲಿ ಸೆಲಿನಾ ಖ್ಯೋನ್ಸ್ ಬರೆದು ಅಲೋಯಿಸ್ ಕಾರಿಜೆ ಚಿತ್ರ ಬಿಡಿಸಿದ ಮಕ್ಕಳ ಪುಸ್ತಕವೊಂದರಿಂದ ಈ ಹಬ್ಬ ಜಗತ್ತಿಗೆಲ್ಲ ಗೊತ್ತಾಯಿತು. ಮೆರವಣಿಗೆಯ ಮುಂದೆ ಹೋಗಬೇಕೆಂಬ ಆಸೆಗೆ ದೊಡ್ಡ ಗಂಟೆ ತರಲು ಹಿಮದ ಬೆಟ್ಟ ಹತ್ತುವ ಉರ್ಸ್ಲಿ ಎಂಬ ಹುಡುಗನ ಕತೆ ಅದು. ಆ ಕತೆಯ ಮನೆಗೆ ಮಾದರಿ ಗುವಾರ್ದಾದಲ್ಲಿದೆ. ಹಬ್ಬದ ಚಿತ್ರ ತೆಗೆಯುವವರು ಮಕ್ಕಳ ಹಿಂದೆ ಓಡುವ ಬದಲು ತೊಟ್ಟಿಯ ಬಳಿ ನೆಲೆಯಾಗಿ ನಿಂತರೆ ಸಾಕು, ಮೆರವಣಿಗೆಯೇ ಅಲ್ಲಿಗೆ ಬರುತ್ತದೆ.

ಆಗಿನ್ನೂ ಹಿಮವಿರುತ್ತದೆ. ಕ್ಯಾಮೆರಾದ ಮೀಟರ್ ಹಿಮದ ಬಿಳುಪನ್ನು ಬೂದು ಎಂದು ತಿಳಿಯುವುದರಿಂದ ಒಂದರಿಂದ ಒಂದೂವರೆ ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಮೈಯ ಬಿಸಿಗೆ ಇಟ್ಟುಕೊಳ್ಳಿ. ಬೆಚ್ಚಗಿನ ಕೋಣೆಗೆ ಬರುವ ಮುನ್ನ ಕ್ಯಾಮೆರಾವನ್ನು ಚೀಲದೊಳಗೆ ಮುಚ್ಚಿ, ಇಲ್ಲವಾದರೆ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ. ಹರಿಯುವ ನೀರು ಮಾತ್ರ ಹೆಪ್ಪುಗಟ್ಟದು. ನೆಲದಾಳದಿಂದ ಬರುವ ಅದು ಹೊರಗಿನ ಗಾಳಿಗಿಂತ ಬೆಚ್ಚಗಿರುತ್ತದೆ, ಮೇಲಾಗಿ ಸದಾ ಚಲಿಸುತ್ತದೆ. ಅಂಚಿಗೆ ಚಿಮ್ಮಿದ ಹನಿಗಳಷ್ಟೇ ಮಂಜಾಗಿ ಪೇರಿಕೊಳ್ಳುತ್ತವೆ.

ಎಂಗಡೀನಿಗೂ ಕ್ಯಾಮೆರಾಕ್ಕೂ ಹಳೆಯ ನಂಟು. ಮೇಲಿನ ಎಂಗಡೀನಿನ ಸೇಂಟ್ ಮೊರಿಟ್ಸ್‌ನಲ್ಲಿ ನೆಲೆಸಿದ್ದ ಆಲ್ಬರ್ಟ್ ಸ್ಟೈನರ್, ಕೆರೆ ಮತ್ತು ಹಿಮದ ಬೆಳಕನ್ನು ಹಿಡಿದು ಈ ಕಣಿವೆಯ ರೂಪವನ್ನೇ ಲೋಕದ ಕಣ್ಣಿನಲ್ಲಿ ನಿಲ್ಲಿಸಿದವರು. ಅದೇ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 1950ರಲ್ಲಿ ಅಂತರರಾಷ್ಟ್ರೀಯ ಛಾಯಾಚಿತ್ರ ಕಲಾ ಒಕ್ಕೂಟ ಹುಟ್ಟಿತು. ನಮ್ಮ ಕರ್ನಾಟಕದ ಎಷ್ಟೋ ಛಾಯಾಗ್ರಾಹಕರು ಹೆಸರಿನ ಮುಂದೆ ಹೆಮ್ಮೆಯಿಂದ ಬರೆದುಕೊಳ್ಳುವ ಎಎಫ್ಐಎಪಿ, ಇಎಫ್ಐಎಪಿ ಎಂಬ ಪದವಿಗಳು ಆ ಒಕ್ಕೂಟದವು. ಆ ಪದವಿಗಳ ಹಾದಿಯಲ್ಲಿ ಚಿತ್ರದ ಅಂದಕ್ಕೆ ನಮ್ಮವರು ಪಟ್ಟ ಶ್ರಮ ದೊಡ್ಡದು. ದಾಖಲೆಯ ವಿಷಯದಲ್ಲೂ ಅಷ್ಟೇ ಶ್ರಮ ಬೇಕೆಂದು ನನ್ನ ಆಸೆ. ಮರದ ತೊಟ್ಟಿ ಹೋಗಿ ಕಲ್ಲಿನದು ಯಾವಾಗ ಬಂತು, ಅಂಕಣ ಎಷ್ಟಿತ್ತು, ದನಗಳು ಯಾವ ಕಡೆಯಿಂದ ಬರುತ್ತಿದ್ದವು ಎಂಬುದಕ್ಕೆ ಹಳೆಯ ಫೋಟೋಗಳೇ ಸಾಕ್ಷಿ. ಆದರೆ ಬೆನ್ನಿಗೆ ಊರು, ತಾರೀಕು ಇಲ್ಲದ ಫೋಟೋ ಅರ್ಧ ಸಾಕ್ಷಿ ಮಾತ್ರ.

ನೀವು ಎಂದಾದರೂ ಅಲ್ಲಿಗೆ ಹೋದರೆ, ಅಥವಾ ಅಲ್ಲೇ ಹತ್ತಿರದ ಊರುಗಳಲ್ಲಿ ಕೆಲಸಕ್ಕೆ ನೆಲೆಸಿರುವ ಕನ್ನಡದ ನೆಂಟರಿಷ್ಟರಿದ್ದರೆ, ಈ ಮಾತು ನೆನಪಿಡಿ. ಕುಡಿಯಬಾರದೆಂಬ ಫಲಕ ಇಲ್ಲದ ಕಡೆ ಎರಡೂ ಮೂತಿಯ ನೀರು ಕುಡಿದು ನೋಡಿ. ಮೂತಿ, ಅಂಚು, ಹೊರದಾರಿ ಮೂರೂ ಬರುವಂತೆ ಒಂದು ಚಿತ್ರ, ಅಂಚಿನ ಸವೆತದ್ದು ಒಂದು, ಇಸವಿ ಕೆತ್ತಿದ್ದರೆ ಅದರದ್ದು ಒಂದು ತೆಗೆಯಿರಿ. ಪ್ರತಿ ಚಿತ್ರದ ಜೊತೆ ಊರಿನ ಹೆಸರು, ಚೌಕದ ಹೆಸರು, ದಿನ, ಹೊತ್ತು ಬರೆದಿಡಿ. ಶ್ಕುವೋಲಿನ ಕೆಳಗಿನ ಊರಿನಲ್ಲಿ, ತೊಟ್ಟಿಗಳಿಂದ ಕೂಗಳತೆಯಲ್ಲೇ, ಆ ಕಣಿವೆಯ ಜನಜೀವನದ ವಸ್ತುಸಂಗ್ರಹಾಲಯವಿದೆ. ಅದನ್ನು ನೋಡದೆ ಬರಬೇಡಿ.